ಗಾಳಿಗೆ ಇನ್ನೊಂದು ಹೆಸರು

ಗಾಳಿ ಎನ್ನುವ ಮಾತನ್ನು ನಾನು ಆಡುವುದಿಲ್ಲ. ಬೇಸಿಗೆಯಲ್ಲಿ ಕರೆಂಟು ಹೋಗಿ, ಬೆನ್ನಿಗೆ ಸೀರೆ ಅಂಟಿಕೊಂಡು, ಮನೆಮಂದಿಯೆಲ್ಲ ಉಸ್ ಎನ್ನುತ್ತ ಕುಳಿತಾಗಲೂ ನಾನು 'ಬಾಗಿಲು ತೆಗೀರಿ, ಸ್ವಲ್ಪ ಹವಾ ಬರಲಿ' ಎನ್ನುತ್ತೇನೆ. ಕಲಬುರಗಿಯ ಬ್ರಹ್ಮಪುರದ ಲಿಂಗಾಯತರ ಮನೆಯ ಸೊಸೆಯ ಬಾಯಲ್ಲಿ ಈ ತುರುಕು ಮಾತು ಎಲ್ಲಿಂದ ಬಂತು ಎಂದು ಹೊಸದಾಗಿ ಬಂದ ನೆಂಟರು ನಗುತ್ತಾರೆ. ಹಳಬರು ನಗುವುದಿಲ್ಲ. ಅವರಿಗೆ ಗೊತ್ತು.

ನಮ್ಮ ಕಡೆ ಗಾಳಿ ಎಂದರೆ ಎರಡು. ಒಂದು, ಅಂಗಳದಲ್ಲಿ ಒಣಹಾಕಿದ ಬಟ್ಟೆ ಆರಿಸುವುದು. ಇನ್ನೊಂದು, ಮನುಷ್ಯರನ್ನು ಹಿಡಿಯುವುದು. ಮಟಮಟ ಮಧ್ಯಾಹ್ನ ಹುಣಸೆಮರದ ಕೆಳಗೆ ಹೋದವರನ್ನು, ಹೊಸ ಮದುಮಗಳನ್ನು, ಎಲ್ಲರಿಗಿಂತ ಮೊದಲು ಬಾಣಂತಿಯನ್ನು. ಎರಡಕ್ಕೂ ಒಂದೇ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನು ಮಾತ್ರ ಬಾಣಂತನ ಮಾಡಿಸಿಕೊಂಡವನಲ್ಲ. ಆ ಎರಡು ಅರ್ಥಗಳ ನಡುವೆ ಸಿಕ್ಕು ನನ್ನ ಜೀವ ಹೋಗುವುದೊಂದೇ ಬಾಕಿ ಇತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನನ್ನ ಗಂಡ ಕಲಬುರಗಿ ಹತ್ತಿರದ ನಂದೂರಿನ ಬೇಳೆ ಮಿಲ್ಲಿನಲ್ಲಿ ಗುಮಾಸ್ತ. ಮದುವೆಯಾದ ಎರಡನೆಯ ವರ್ಷ ನಾನು ಬಸುರಿಯಾಗಿ, ಚೊಚ್ಚಲ ಹೆರಿಗೆಗೆ ಪದ್ಧತಿಯಂತೆ ತವರು ಕಮಲಾಪುರಕ್ಕೆ ಹೋದೆ. ಹೆರಿಗೆ ಕಷ್ಟವಾಗಲಿಲ್ಲ. ಹೆಣ್ಣು ಕೂಸು, ತಲೆತುಂಬ ಕೂದಲು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಅವ್ವ, ಅಣ್ಣ, ಅಣ್ಣನ ಹೆಂಡತಿ, ಈಗ ನಾನು ಮತ್ತು ಕೂಸು. ಅಳಿಯನ ಮನೆಯವರ ಮುಂದೆ ಬಾಣಂತನದಲ್ಲಿ ಒಂದು ಕೊರತೆ ಆಗಬಾರದು ಎಂದು ಅವ್ವ ಟೊಂಕಕಟ್ಟಿ ನಿಂತಿದ್ದಳು.

ನಡುಮನೆಯ ಹಿಂದಿನ ಕತ್ತಲೆ ಕೋಣೆ ಬಾಣಂತಿ ಕೋಣೆಯಾಯಿತು. ಅದಕ್ಕಿದ್ದ ಒಂದೇ ಕಿಟಕಿಗೆ ಅವ್ವ ಗೋಣಿಚೀಲ ತುರುಕಿದಳು. ಬಾಗಿಲಿಗೆ ಕಂಬಳಿ ಇಳಿಬಿಟ್ಟಳು. ನನ್ನ ಕಿವಿಗೆ ಅರಳೆ, ತಲೆಗೆ ಬಿಗಿಯಾಗಿ ಬಟ್ಟೆ. ಹೊರಸಿನ ಕೆಳಗೆ ಸೆಗಣಿ ಕುಳ್ಳಿನ ಕೆಂಡ, ಅದರ ಮೇಲೆ ಆಗಾಗ ಅಜವಾನ ಉದುರಿಸಿ ಎಬ್ಬಿಸಿದ ಹೊಗೆ. ನೀರು ಕೇಳಿದರೆ ಗುಟುಕು. ಅಣ್ಣ ತೋಟದಿಂದ ಕೆಂಪು ಬಾಳೆಗೊನೆ ತಂದು ಪಡಸಾಲೆಯಲ್ಲಿ ತೂಗುಹಾಕಿದ್ದ. ಹಣ್ಣಾದ ವಾಸನೆ ನನ್ನ ತನಕ ಬರುತ್ತಿತ್ತು, ಹಣ್ಣು ಬರುತ್ತಿರಲಿಲ್ಲ. ಬಾಣಂತಿಗೆ ಬಾಳೆಹಣ್ಣು ಥಂಡಿ. ಇಷ್ಟೆಲ್ಲ ಯಾಕೆಂದರೆ ಗಾಳಿ ತಾಗಬಾರದು ಅಂತ. ಯಾವ ಗಾಳಿ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಎರಡನ್ನೂ ಒಂದೇ ಗೋಣಿಚೀಲದಲ್ಲಿ ತಡೆಯಬಹುದೆಂದು ನಂಬಿದ್ದರು.

ಮೊದಲು ಹೋದದ್ದು ನಿದ್ದೆ. ಕೂಸು ಮಲಗಿದರೂ ನನ್ನ ಕಣ್ಣು ಹತ್ತುತ್ತಿರಲಿಲ್ಲ. ಆ ಹೊಗೆಯಲ್ಲಿ ಅದರ ಎದೆ ಏರಿಳಿಯುವುದು ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೆ. ಉಸಿರು ತಾಗಿದರೆ ಸಮಾಧಾನ, ಬೆರಳು ತೆಗೆದ ಕೂಡಲೇ ಮತ್ತೆ ಹೆದರಿಕೆ. ನಾನು ಕಣ್ಣು ಮುಚ್ಚಿದರೆ ಅದರ ಉಸಿರು ನಿಲ್ಲುತ್ತದೆ ಎಂದು ಒಂದು ದಿನ ಅನಿಸಿತು. ಆಮೇಲೆ ಅದು ಅನಿಸಿಕೆಯಾಗಿ ಉಳಿಯಲಿಲ್ಲ, ಸೂರ್ಯ ಮೂಡುತ್ತಾನೆ ಎನ್ನುವಷ್ಟು ಖಾತ್ರಿಯಾಯಿತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹಿತ್ತಲಲ್ಲಿ ನಮ್ಮದೊಂದು ಬಾವಿ. ರಾಟೆಯ ಸಪ್ಪಳ ಕೇಳಿದಾಗಲೆಲ್ಲ ಕೂಸು ನನ್ನ ಕೈಯಿಂದ ಜಾರಿ ಆ ನೀರಿಗೆ ಬೀಳುವುದು ಕಣ್ಣಿಗೆ ಕಟ್ಟುತ್ತಿತ್ತು. ಜಾರಿ ಬೀಳುವುದೋ, ನಾನೇ ಬಿಡುವುದೋ, ಆ ಚಿತ್ರದಲ್ಲಿ ಸ್ಪಷ್ಟವಿರಲಿಲ್ಲ. ಇದನ್ನು ಯಾರಿಗೆ ಹೇಳುವುದು? ಹೆತ್ತ ತಾಯಿ ಇಂಥದ್ದನ್ನು ಯೋಚಿಸುತ್ತಾಳೆಯೇ? ಬಾಯಿ ಬಿಟ್ಟರೆ ಮಾತು ಹೊರಬೀಳುತ್ತದೆ ಎಂದು ನಾನು ಊಟಕ್ಕೂ ಬಾಯಿ ತೆರೆಯಲು ಅಂಜಿದೆ. ಅವ್ವ ಜೋಳದ ರೊಟ್ಟಿ ಬೆಳ್ಳುಳ್ಳಿ ಖಾರ ಕಲಸಿ ತುತ್ತು ಮಾಡಿ ತಂದರೆ ಹಲ್ಲು ಬಿಗಿಹಿಡಿದು ಕೂರುತ್ತಿದ್ದೆ. ಸೊಕ್ಕು ಬಂದಿದೆ ಎಂದಳು ಅಣ್ಣನ ಹೆಂಡತಿ. ಸೊಕ್ಕಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಒಂದು ದಿನ ಹೊಗೆ ಜಾಸ್ತಿಯಾಗಿ ಕೋಣೆಯೇ ನನ್ನ ಮೇಲೆ ಇಳಿದಂತೆ ಆಯಿತು. ಕಿವಿಯ ಅರಳೆ ಕಿತ್ತು, ತಲೆಯ ಬಟ್ಟೆ ಬಿಚ್ಚಿ, ಗೋಣಿಚೀಲ ಜಗ್ಗಲು ಎದ್ದೆ. ಅವ್ವ ಓಡಿಬಂದು ನನ್ನ ಕೈ ಹಿಡಿದಳು.

"ಏನ ಮಾಡಾಕತ್ತಿ?"

"ಗಾಳಿ ಬೇಕು ಯವ್ವಾ," ಎಂದೆ. "ನನಗ ಗಾಳಿ ಬೇಕು."

ಅವ್ವ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ನನ್ನನ್ನು ಹೆತ್ತವಳು, ನನ್ನ ಮೈಯ ಒಂದೊಂದು ಮಚ್ಚೆ ಗೊತ್ತಿದ್ದವಳು, ನನ್ನನ್ನು ಬೇರೆ ಯಾರನ್ನೋ ನೋಡಿದಂತೆ ನೋಡಿದಳು. ಯಾವ ಬಾಣಂತಿಯೂ ಗಾಳಿ ಬೇಕು ಎನ್ನುವುದಿಲ್ಲ. ಹಾಗೆ ಅಂದದ್ದು ತನ್ನ ಮಗಳಲ್ಲ, ಒಳಗೆ ಹೊಕ್ಕದ್ದು ಎಂದು ಆಕೆಗೆ ಆ ಕ್ಷಣವೇ ಖಾತ್ರಿಯಾಯಿತು. ಓಡಿಹೋಗಿ ವಿಭೂತಿ ತಂದು ನನ್ನ ಹಣೆಗೆ ಒತ್ತಿದಳು.

ಗಾಳಿ ಬಿಡಿಸುವವನನ್ನು ಪಕ್ಕದ ಹಳ್ಳಿಯಿಂದ ಕರೆಸಿದರು. ಗುಟ್ಟಾಗಿ, ಹಿತ್ತಲ ಬಾಗಿಲಿನಿಂದ, ಓಣಿಯವರಿಗೆ ತಿಳಿಯದಂತೆ. ಮುದುಕ. ಬೇವಿನ ಸೊಪ್ಪಿನ ಕಟ್ಟು ಹಿಡಿದು ಎದುರಿಗೆ ಕುಳಿತ. ಇಂಥವರು ಕೇಳುವ ಪ್ರಶ್ನೆಗಳು ಎಲ್ಲೆಡೆಯೂ ಅವೇ. ಯಾರು ನೀನು, ಯಾವ ಊರಿನವಳು, ಈಕೆಯನ್ನು ಯಾಕೆ ಹಿಡಿದಿ. ನಾನು ನನ್ನ ಹೆಸರು ಹೇಳಿದೆ, ನನ್ನ ಊರು ಹೇಳಿದೆ. ಸುಳ್ಳು ಎಂದು ಸೊಪ್ಪಿನಿಂದ ಬಾರಿಸಿದ. ಕೊನೆಗೆ ಕೇಳಿದ:

"ಏನ ಬೇಕು ನಿನಗ? ಹೇಳಿ ಹೋಗು."

ಅಷ್ಟು ದಿನಗಳಲ್ಲಿ ನನ್ನನ್ನು ಏನು ಬೇಕು ಎಂದು ಕೇಳಿದವನು ಅವನೊಬ್ಬನೇ. ನಾನು ಆಸೆಯಿಂದ ಹೇಳಿದೆ, ಗಾಳಿ ಬೇಕು ಅಂತ.

ಅವನು ಅವ್ವನ ಕಡೆ ತಿರುಗಿದ. "ಕೇಳಿದ್ರಿಲ್ಲ? ತಾನೊಬ್ಬಾಕಿ ಸಾಲದು ಅಂತ ಇನ್ನೊಂದನ್ನ ಕರಿಯಾಕತ್ತದ," ಎಂದ.

ಈಗ ನೆನೆದರೆ ನಗು ಬರುತ್ತದೆ. ಅಂದು ಬೆನ್ನ ಮೇಲೆ ಬಿದ್ದ ಬೇವಿನ ಕಡ್ಡಿಯ ಉರಿ ಮಾತ್ರ ನಗುವ ಹಾಗಿರಲಿಲ್ಲ. ಅವನು ಎರಡು ಮಾತು ಹೇಳಿ ಹೋದ. ಕಿಟಕಿಯನ್ನು ಇನ್ನೂ ಭದ್ರ ಮಾಡಿರಿ. ಕೂಸಿಗೆ ಈಕೆಯ ಹಾಲು ಕೊಡಬೇಡಿರಿ, ಹಾಲಿನೊಳಗಿಂದ ಅದಕ್ಕೂ ಹೋಗುತ್ತದೆ.

ಅಣ್ಣ ಕಿಟಕಿಗೆ ಹಲಗೆ ಹೊಡೆದ. ಕೂಸನ್ನು ಅಣ್ಣನ ಹೆಂಡತಿಯ ಮಡಿಲಿಗೆ ಹಾಕಿದರು, ಆಕಳ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸಿದರು. ಗೋಡೆಯ ಆಚೆ ಅದು ಅತ್ತರೆ ಈಚೆ ನನ್ನ ಎದೆ ಸೋರುತ್ತಿತ್ತು. ಹಾಲು ಬತ್ತಲೆಂದು ಅವ್ವ ಮಲ್ಲಿಗೆ ಹೂವನ್ನು ಬಟ್ಟೆಯಲ್ಲಿಟ್ಟು ನನ್ನ ಎದೆಗೆ ಬಿಗಿದು ಕಟ್ಟಿದಳು. ಎದೆ ಕಲ್ಲಿನಂತಾಗಿ ಜ್ವರ ಬಂತು. ಮಲ್ಲಿಗೆಯ ವಾಸನೆ ನನಗೆ ಇವತ್ತಿಗೂ ಆಗಿಬರುವುದಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಮುಡಿಸಲು ಬಂದರೆ ತಲೆನೋವೆಂದು ತಪ್ಪಿಸಿಕೊಳ್ಳುತ್ತೇನೆ.

ಕೂಸಿಗೆ ಆ ಹಾಲು ಒಗ್ಗಲಿಲ್ಲ, ಭೇದಿ ಹತ್ತಿತು. ಅಳು ದಿನದಿನಕ್ಕೆ ಸಣ್ಣದಾಗುತ್ತ ಹೋಯಿತು. ಅದನ್ನು ಒಮ್ಮೆ ಕೊಡಿರಿ ಎಂದು ನಾನು ಕಂಬಳಿ ಹಿಡಿದು ಬೇಡಿದೆ. ಅದೇ ಹೊತ್ತಿಗೆ, ಕೊಟ್ಟರೆ ಏನು ಮಾಡಿಬಿಡುತ್ತೇನೋ ಎಂದು ಅಂಜುತ್ತಿದ್ದೆ. ಬೇಡುವವಳೂ ನಾನೇ, ಕೊಡಬೇಡಿರಿ ಎಂದು ದೇವರಿಗೆ ಮೊರೆಯಿಡುವವಳೂ ನಾನೇ. ಅಂಥ ನರಕವನ್ನು ನಾನು ಹಗೆಯವರಿಗೂ ಬಯಸುವುದಿಲ್ಲ.

ರಜೆಯ ದಿನ ನನ್ನ ಗಂಡ ಕಲಬುರಗಿಯಿಂದ ಬರುತ್ತಿದ್ದರು. ಪಡಸಾಲೆಯಲ್ಲಿ ಅವರ ಚಪ್ಪಲಿ ಬಿಟ್ಟ ಸಪ್ಪಳ, ಅವ್ವ ಚಹಾದ ಕಪ್ಪು ಇಟ್ಟ ಸಪ್ಪಳ, ಎಲ್ಲ ಕಿವಿಯ ಅರಳೆ ದಾಟಿ ಬರುತ್ತಿತ್ತು. ಬಾಣಂತಿ ಕೋಣೆಗೆ ಗಂಡಸರು ಹೋಗುವ ಪದ್ಧತಿ ಇರಲಿಲ್ಲ, ಅದು ಅವ್ವನಿಗೆ ಅನುಕೂಲವೇ ಆಯಿತು. ಹೇಗಿದ್ದಾಳೆ ಎಂದು ಅವರು ಕೇಳಿದರೆ ಅವ್ವನ ಉತ್ತರ ಸಿದ್ಧವಿರುತ್ತಿತ್ತು.

"ಈಗ ಕಣ್ಣ ಹತ್ಯಾವ್ರೀ ಆಕಿಗಿ. ಎಬ್ಬಸೋದು ಬ್ಯಾಡ."

"ಇರ್ಲಿ ಬಿಡ್ರಿ, ಮಲಗ್ಲಿ," ಎನ್ನುತ್ತಿದ್ದರು ಅವರು.

ಅರೆ, ನಾನು ಮಲಗಿ ಯುಗವಾಗಿತ್ತು. ಕೂಗಿದರೆ ಅವರಿಗೆ ಕೇಳುತ್ತಿತ್ತು. ಕೂಗಲಿಲ್ಲ. ಅವ್ವ ಮೊದಲೇ ನನ್ನ ಕಾಲು ಹಿಡಿದು ಹೇಳಿದ್ದಳು, ಹುಚ್ಚು ಹಿಡಿದಿದೆ ಎಂದು ಬೀಗರಿಗೆ ಗೊತ್ತಾದರೆ ನಿನ್ನನ್ನು ಇಲ್ಲೇ ಬಿಡುತ್ತಾರೆ, ಕೂಸನ್ನು ಒಯ್ಯುತ್ತಾರೆ, ನಿನ್ನ ಬಾಳು ಮುಗಿಯಿತು ಎಂದು. ಆಕೆಯದು ಸುಳ್ಳು ಭಯವಲ್ಲ. ಅಂಥ ಹೆಂಗಸರು ನಮ್ಮ ಓಣಿಯಲ್ಲೇ ಇದ್ದರು, ತವರಿನ ಮೂಲೆಯಲ್ಲಿ ಕಾಳು ಆರಿಸುತ್ತ ಮುದುಕಿಯಾದವರು. ಅವ್ವ ನನ್ನನ್ನು ಕೂಡಿಹಾಕಿದ್ದು ಪ್ರೀತಿಯಿಂದಲೇ. ಆ ಮಾತು ಹೇಳಿಕೊಂಡರೂ ನನ್ನ ಹೊಟ್ಟೆಯ ಬೆಂಕಿ ಆರುವುದಿಲ್ಲ.

ಹಲಗೆ ಹೊಡೆದ ಮೇಲೆ ಹೆಚ್ಚು ದಿನ ಆಗಿರಲಿಲ್ಲ. ಮಧ್ಯಾಹ್ನ, ಅಣ್ಣ ತೋಟದಲ್ಲಿ, ಅವ್ವ ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದಳು. ಅಣ್ಣನ ಹೆಂಡತಿ ಕೂಸಿನ ಪಕ್ಕದಲ್ಲೇ ನಿದ್ದೆ ಹೋಗಿದ್ದಳು. ನಾನು ಕಂಬಳಿ ಸರಿಸಿ ಹೊರಗೆ ಬಂದೆ. ಕೂಸನ್ನು ಎತ್ತಿಕೊಂಡೆ. ಅದು ಹತ್ತಿಯ ಗಂಟಿನಷ್ಟು ಹಗುರವಾಗಿತ್ತು. ಪಡಸಾಲೆಯ ನಿಚ್ಚಣಿಕೆ ಹತ್ತಿ ಮಣ್ಣಿನ ಮಾಳಿಗೆಗೆ ಹೋದೆ.

ಗಾಳಿಗಾಗಿ ಹೋದೆ ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ಹೋದದ್ದು ಅದಕ್ಕೇ. ಮಾಳಿಗೆಯ ಮೇಲೆ ಗಾಳಿ ಭರ್ತಿಯಾಗಿ ಬೀಸುತ್ತಿತ್ತು, ಬೆವರಿದ ಕುತ್ತಿಗೆಗೆ ತಂಪು ತಾಗಿತು, ಕೂಸು ಕಣ್ಣು ಪಿಳುಕಿಸಿತು. ನನಗೆ ಸುಖವಾಯಿತು. ಆದರೆ ಕಾಲು ಅಲ್ಲಿ ನಿಲ್ಲಲಿಲ್ಲ. ಅಂಚಿನ ಮೊಣಕಾಲೆತ್ತರದ ಕುಂಬಿಗೋಡೆಯ ತನಕ ಹೋಗಿ ನಿಂತೆ. ಕೆಳಗೆ ಓಣಿಯ ಕಲ್ಲುಹಾಸು. ಮತ್ತೆ ಆ ಕೋಣೆಗೆ ಹೋಗುವುದು ಬೇಡ, ಕೂಸನ್ನೂ ಅಲ್ಲಿ ಬಿಡುವುದು ಬೇಡ ಎಂದು ತಲೆಯಲ್ಲಿ ಯಾರೋ ಬಹಳ ಸಮಾಧಾನದಿಂದ ಹೇಳಿದರು. ಆ ದನಿಗೆ ಸಿಟ್ಟಿರಲಿಲ್ಲ, ಬೆದರಿಕೆಯಿರಲಿಲ್ಲ. ಅದಕ್ಕೇ ನನಗೆ ಇಂದಿಗೂ ಅದರ ಅಂಜಿಕೆ.

ಎದುರು ಮನೆಯ ಹೆಂಗಸು ಅಕ್ಕಿ ಕೇರುವುದನ್ನು ಬಿಟ್ಟು ಚೀರಿದಳು. ಅಷ್ಟರಲ್ಲಿ ಅವ್ವ ಸೆಗಣಿ ಕೈಯಲ್ಲೇ ನಿಚ್ಚಣಿಕೆ ಹತ್ತಿ ಬಂದಿದ್ದಳು. ಹೆಸರು ಹಿಡಿದು ಕರೆಯಲಿಲ್ಲ, ಕೂಸು ಕೊಡು ಎನ್ನಲಿಲ್ಲ. ಹಿಂದಿನಿಂದ ಬಂದು ನನ್ನ ಹೆರಳನ್ನು ಕೈಗೆ ಸುತ್ತಿಕೊಂಡು ಹಿಂದಕ್ಕೆ ಜಗ್ಗಿದಳು. ಮೂವರೂ ಮಾಳಿಗೆಯ ಮಣ್ಣಿನ ಮೇಲೆ ಬಿದ್ದೆವು. ಕೂಸು ನನ್ನ ಎದೆಯ ಮೇಲೆ, ನಾನು ಅವ್ವನ ಮೇಲೆ. ಅವ್ವ ಅಳುತ್ತಿದ್ದಳು, ಹೆರಳು ಬಿಡಲಿಲ್ಲ.

ಓಣಿಯೆಲ್ಲ ನೋಡಿದ ಮೇಲೆ ಮುಚ್ಚಿಡುವುದು ಏನು ಉಳಿಯಿತು? ಸುದ್ದಿ ಹೇಗೂ ಬ್ರಹ್ಮಪುರ ಮುಟ್ಟುತ್ತದೆ. ಅಣ್ಣ ಮರುದಿನವೇ ನಮ್ಮನ್ನು ಬಸ್ಸಿಗೆ ಹತ್ತಿಸಿಕೊಂಡು ಕಲಬುರಗಿಯ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಬಸ್ಸಿನಲ್ಲಿ ಪರಿಚಯದವರು ಕೇಳಿದರೆ ಕಣ್ಣು ತೋರಿಸಲು ಹೊರಟಿದ್ದೇವೆ ಎಂದಳು ಅವ್ವ. ಕಣ್ಣಿನ ವಿಭಾಗ ದಾಟಿ, ಮೂಳೆಯದು ದಾಟಿ, ಓಣಿಯಂಥ ವರಾಂಡದ ಕೊನೆಯಲ್ಲಿತ್ತು ನಾವು ಹೋಗಬೇಕಾದ ಕೋಣೆ. ಬಾಗಿಲ ಬೋರ್ಡು ಓದಿ ಅವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಡಾಕ್ಟರು ಹೈದರಾಬಾದ್ ಕಡೆಯವರು. ಕನ್ನಡ ಇನ್ನೂ ಕಲಿಯುತ್ತಿದ್ದರು, ಬಾಯಿಗೆ ಸಿಕ್ಕದ್ದನ್ನು ಉರ್ದುವಿನಲ್ಲಿ ತುಂಬುತ್ತಿದ್ದರು. ಅವ್ವ ಗಾಳಿ ಸೋಕಿದ ಕಥೆಯನ್ನು ಮೊದಲಿನಿಂದ ಹೇಳಿದಳು. ಅವರಿಗೆ ಎಷ್ಟು ತಿಳಿಯಿತೋ ದೇವರಿಗೇ ಗೊತ್ತು. ಆಮೇಲೆ ನನ್ನ ಕಡೆ ತಿರುಗಿ, ಏನು ಬೇಕಮ್ಮಾ ನಿಮಗೆ ಎಂದರು.

ಮತ್ತದೇ ಪ್ರಶ್ನೆ. ಇಲ್ಲೂ ಬೇವಿನ ಕಡ್ಡಿ ಬಿದ್ದೀತೆಂದು ನಾನು ಬೆನ್ನು ಬಿಗಿಹಿಡಿದು, "ಗಾಳಿ ಬೇಕ್ರಿ," ಎಂದೆ.

ಅವ್ವ ಹಣೆ ಬಡಿದುಕೊಂಡಳು. ಡಾಕ್ಟರು ಬಾಗಿಲ ಬಳಿ ನಿಂತಿದ್ದ ಆಯಾಳಿಗೆ ಹೇಳಿದರು: "ಹವಾ ಹೋನಾ ಬೋಲ್‌ರೈಂ. ಖಿಡ್ಕಿ ಖೋಲೋ."

ಹವಾ ಬೇಕಂತೆ, ಕಿಟಕಿ ತೆಗಿ. ಅಷ್ಟೇ. ಅವರಿಗೆ ನಮ್ಮ ಗಾಳಿಯ ಎರಡನೆಯ ಅರ್ಥ ಗೊತ್ತಿರಲಿಲ್ಲ. ಕನ್ನಡ ಅರ್ಧ ಬರುತ್ತಿದ್ದ ಮನುಷ್ಯ ನಾನು ಹೇಳಿದ್ದನ್ನು ಹೇಳಿದ ಹಾಗೇ ಕೇಳಿಸಿಕೊಂಡರು. ಆಯಾ ಕಿಟಕಿ ತೆಗೆದಳು. ಹೊರಗಿನ ಬೇವಿನ ಮರದಿಂದ ಗಾಳಿ ಒಳಗೆ ಬಂತು. ನಾನು ಅಳತೊಡಗಿದೆ. ಬಾವಿಯ ಮಾತು, ಉಸಿರಿನ ಮಾತು, ಮಾಳಿಗೆಯ ಮೇಲೆ ಕೇಳಿದ ದನಿಯ ಮಾತು, ಎಲ್ಲ ಹೇಳಿದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದಳು.

"ಇದು ಬೀಮಾರಿ ಅದ ಅಮ್ಮಾ. ಬಾಣಂತಿಗೆ ಬರ್ತದ. ದವಾ ಅದ, ಗುಣ ಆಗ್ತದ," ಎಂದರು ಡಾಕ್ಟರು.

ಅವ್ವ ಒಂದೇ ಪ್ರಶ್ನೆ ಕೇಳಿದಳು. "ಬೀಗರ ಮನಿಗಿ ಏನಂತ ಹೇಳ್ಲಿ ಸಾಹೇಬ್ರ?"

ಅವರು ಭರ್ತಿಯ ಚೀಟಿ ಬರೆದು ಆಯಾಳ ಕೈಗೆ ಕೊಟ್ಟರು.

ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಸೂಜಿ, ಗುಳಿಗೆ, ಮತ್ತೆ ಸೂಜಿ. ನಿದ್ದೆ ಬಂತು, ಸತ್ತವರಂಥ ನಿದ್ದೆ. ನಾಲಿಗೆ ದಪ್ಪವಾಯಿತು, ಕೈ ನಡುಗಿತು, ಬಾವಿಯ ಚಿತ್ರ ನಿಧಾನವಾಗಿ ಮಸುಕಾಯಿತು. ಗುಳಿಗೆ ಇರುವ ತನಕ ಹಾಲು ಕೊಡಬಾರದು ಎಂದರು ಡಾಕ್ಟರು. ಕೊಡಲು ಹಾಲು ಉಳಿದಿರಲೂ ಇಲ್ಲ. ಅತ್ತೆ ಸುದ್ದಿ ಕೇಳಿ ಬಂದವಳು ನನ್ನ ಮಂಚದ ಹತ್ತಿರ ಸ್ವಲ್ಪ ಹೊತ್ತು ನಿಂತಳು, ಕೂಸಿನ ಕಡ್ಡಿಯಂಥ ಕಾಲು ಮುಟ್ಟಿ ನೋಡಿದಳು, ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದಳು. ಅವ್ವ ಹೆದರಿದ್ದ ಮಾತು ಅಷ್ಟರಮಟ್ಟಿಗೆ ನಿಜವಾಯಿತು. ನನ್ನ ಗಂಡ ನನ್ನನ್ನು ಬಿಡಲಿಲ್ಲ, ಆದರೆ ಅವರವ್ವನಿಗೆ ಎದುರಾಡಲೂ ಇಲ್ಲ. ಗುಣವಾದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದರು. ಗುಣ ಎಂದರೆ ಯಾವುದು, ಅದನ್ನು ಅಳೆಯುವವರು ಯಾರು ಎಂದು ಕೇಳುವ ಶಕ್ತಿ ನನಗೆ ಇರಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಕಮಲಾಪುರದಲ್ಲಿ ಗುಳಿಗೆ ನುಂಗುತ್ತ, ಹಲಗೆ ಕಿತ್ತ ಕಿಟಕಿಯ ಕೆಳಗೆ ಕುಳಿತು ಕಾದೆ. ಅವ್ವ ಈಗ ಆ ಕಿಟಕಿಯನ್ನು ಮಳೆ ಬಂದರೂ ಮುಚ್ಚುತ್ತಿರಲಿಲ್ಲ. ಬ್ರಹ್ಮಪುರದಿಂದ ಕರೆ ಬರುವ ಹೊತ್ತಿಗೆ ಕೂಸು ನಡೆಯುತ್ತಿತ್ತು, ಮಾತಾಡುತ್ತಿತ್ತು. ಅದು ಅತ್ತೆಯನ್ನು ಅವ್ವ ಎನ್ನುತ್ತಿತ್ತು. ಮೈದುನ ನಾದಿನಿಯರು ನನ್ನನ್ನು ವೈನಿ ಎಂದು ಕರೆಯುವುದನ್ನು ಕೇಳಿ ತಾನೂ ವೈನಿ ಎಂದಿತು. ಯಾರೂ ತಿದ್ದಲಿಲ್ಲ. ನಾನೂ ಆ ಹೆಸರಿಗೇ ಓಗೊಟ್ಟೆ.

ಅತ್ತೆಯನ್ನು ದ್ವೇಷಿಸಲು ನಾನು ಬಹಳ ಕಷ್ಟಪಟ್ಟಿದ್ದೇನೆ. ಆಗಲಿಲ್ಲ. ಕಡ್ಡಿಯಂಥ ಕೂಸಿಗೆ ರಾಗಿ ಅಂಬಲಿ ಸೋಸಿ ಕುಡಿಸಿ ಕೆನ್ನೆ ತುಂಬಿಸಿದವಳು ಆಕೆ. ನನ್ನನ್ನು ಬೈಯಲಿಲ್ಲ, ಹಂಗಿಸಲಿಲ್ಲ. ಆದರೆ ಕೂಸಿನ ಜೊತೆ ನನ್ನೊಬ್ಬಳನ್ನೇ ಬಿಡಲೂ ಇಲ್ಲ. ನಾನು ಸ್ನಾನ ಮಾಡಿಸಿದರೆ ಬಚ್ಚಲ ಬಾಗಿಲಲ್ಲಿ ಆಕೆ. ಮಗು ನನ್ನ ಪಕ್ಕ ಮಲಗಿದರೆ ನಡುವೆ ಆಕೆಯ ಕೈ. ಮಾಳಿಗೆಯ ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿದ್ದಳು. ನಾನು ಒಮ್ಮೆ ಮರೆತು, ಎಷ್ಟು ಧಗೆ, ಗಾಳಿನೇ ಇಲ್ಲ ಎಂದೆ. ಅತ್ತೆಯ ಕೈಯ ಬೀಸಣಿಗೆ ನಿಂತಿತು, ಗಂಡ ಪೇಪರಿನಿಂದ ತಲೆಯೆತ್ತಿದರು, ಮನೆಮಂದಿಯೆಲ್ಲ ನನ್ನ ಕಣ್ಣು ನೋಡಿದರು. ಅಂದಿನಿಂದ ನಾನು ಡಾಕ್ಟರ ಮಾತು ಹಿಡಿದೆ. ಹವಾ. ಹವಾ ಎಂದರೆ ಯಾರನ್ನೂ ಹಿಡಿಯುವುದಿಲ್ಲ.

ಮಗಳಿಗೆ ಮೂರು ತುಂಬಿದ ಬೇಸಿಗೆ. ಸಂಜೆ ಕರೆಂಟು ಹೋಗಿತ್ತು, ಗೋಡೆ ಮುಟ್ಟಿದರೆ ಸುಡುತ್ತಿತ್ತು. ಮಗಳು ಅತ್ತೆಯ ಮಡಿಲಲ್ಲಿ ಮಿಸುಕಾಡುತ್ತಿದ್ದಳು. ಇದ್ದಕ್ಕಿದ್ದಂತೆ ಇಳಿದು ನನ್ನ ಹತ್ತಿರ ಬಂದು ಸೆರಗು ಜಗ್ಗಿದಳು.

"ವೈನಿ, ಹವಾ ಬೇಕು."

ಮನೆಯಲ್ಲಿ ಆ ಮಾತು ನನ್ನದೊಬ್ಬಳದೇ. ಅದಕ್ಕೇ ಅದನ್ನು ನನ್ನನ್ನೇ ಕೇಳಬೇಕೆಂದು ಆಕೆಗೆ ಹೊಳೆದಿತ್ತು. ಬೀಸಣಿಗೆ ನಿಂತಿತು. ಅತ್ತೆ ನನ್ನನ್ನು ನೋಡಿದಳು, ಮಗುವನ್ನು ನೋಡಿದಳು. ಎದ್ದು ಹೋಗಿ ಮೆಟ್ಟಿಲ ಬಾಗಿಲಿನ ಚಿಲಕ ತೆಗೆದಳು.

"ಕರ್ಕೊಂಡ ಹೋಗು," ಎಂದಳು.

ಮಗಳನ್ನು ಎತ್ತಿಕೊಂಡು ಹತ್ತಿದೆ. ಹಿಂದೆ ಹೆಜ್ಜೆಯ ಸಪ್ಪಳಕ್ಕಾಗಿ ಕಿವಿಗೊಟ್ಟೆ. ಬರಲಿಲ್ಲ. ಈ ಗಳಿಗೆಗಾಗಿ ನಾನು ಹಂಬಲಿಸಿದ್ದೆ, ಒಳಗೊಳಗೇ ಹಲ್ಲು ಕಡಿದಿದ್ದೆ, ನಾನೇನು ರಾಕ್ಷಸಿಯೇ ಎಂದು ಗೋಡೆಗೆ ಕೇಳಿದ್ದೆ. ಈಗ ಮಾಳಿಗೆಯ ಮೇಲೆ ನಾನು, ನನ್ನ ಮಗಳು, ತಂಪು ಹವಾ. ನಾಲ್ಕೂ ಕಡೆ ಮೊಣಕಾಲೆತ್ತರದ ಕುಂಬಿ. ಮಗಳು ಇಳಿಯಲು ಒದ್ದಾಡಿದಳು. ತಲೆಯಲ್ಲಿ ಯಾವ ದನಿಯೂ ಇರಲಿಲ್ಲ, ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಕಿವಿ ಕೊಟ್ಟು ಕೇಳುತ್ತಿದ್ದೆ. ಅವರೆಲ್ಲ ನನ್ನನ್ನು ನಂಬಿದ ಹೊತ್ತಿಗೆ ನನಗೇ ನನ್ನ ಮೇಲೆ ನಂಬಿಕೆ ಉಳಿದಿರಲಿಲ್ಲ. ಮಾಳಿಗೆಯ ನಟ್ಟನಡುವೆ ಮಗಳನ್ನು ಅವುಚಿಕೊಂಡು ಕುಸಿದು ಕುಳಿತೆ.

"ಅತ್ತೀ," ಎಂದು ಕೂಗಿದೆ. "ನೀವೂ ಬರ್ರಿ. ನನಗ ಅಂಜಿಕಿ ಬರಾಕತ್ತದ."

ಆಕೆ ಮೊಣಕಾಲು ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಶಿವಾ ಎನ್ನುತ್ತ ಹತ್ತಿ ಬಂದಳು. ಮಗಳನ್ನು ನನ್ನಿಂದ ತೆಗೆದುಕೊಳ್ಳಲಿಲ್ಲ. ನಮ್ಮನ್ನು ದಾಟಿ ಹೋಗಿ, ಕುಂಬಿಗೂ ನಮಗೂ ನಡುವೆ ಕುಳಿತಳು.